ತವರಿಗೆ ಬಂದ ಹಕ್ಕಿಗಳೂ ಅತ್ತೆಯ ಹುಣಸೆಮರವೂ

ನನ್ನ ಸೋದರತ್ತೆಯ ಮನೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿದೆ. ಬೆಂಗಳೂರಿನಿಂದ ಮೈಸೂರು ಕಡೆ ಹೋಗುವಾಗ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಊರು ಸಿಗುತ್ತೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಹುಂಜವಲ್ಲ, ಹಿತ್ತಿಲ ಹುಣಸೆಮರದ ಮೇಲಿದ್ದ ಕೊಕ್ಕರೆ ಮರಿಗಳ ಗಲಾಟೆ.

ಕಳೆದ ವರ್ಷ ಆ ಮರಕ್ಕೇ ಕುತ್ತು ಬಂದಿತ್ತು. ಅತ್ತೆಯ ಮಗ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಲು ಹೊರಟಿದ್ದ. ಮೇಸ್ತ್ರಿ ಬಂದು ಅಳತೆ ಹಿಡಿದು, 'ಮರ ತೆಗೆಸಿದ್ರೆ ಮುಂದೆ ಕಾರು ನಿಲ್ಲೋಕೆ ಜಾಗ ಆಯ್ತದೆ' ಅಂದಿದ್ದ. ನಾನು ಹೋಗುವಷ್ಟರಲ್ಲಿ ಮನೆಯಲ್ಲಿ ತಾಯಿ ಮಗನಿಗೆ ಮಾತು ನಿಂತು ಎರಡು ದಿನವಾಗಿತ್ತು.

'ಬಸುರಿ ಹೆಣ್ಣುಮಕ್ಳು ತವರಿಗೆ ಬಂದವ್ರೆ ಕಣವ್ವ. ಈಗ ಮನೆ ಬಾಗ್ಲು ಹಾಕ್ಕಂಡ್ರೆ ಆದಾದಾ?' ಅಂದರು ಅತ್ತೆ. ಈ ಊರಿನಲ್ಲಿ ಇದು ಬರೀ ಅತ್ತೆಯ ಮಾತಲ್ಲ. ಹಕ್ಕಿಗಳನ್ನು ಹೆರಿಗೆಗೆ ಬಂದ ಮನೆಮಗಳು ಎಂದೇ ಜನ ಕಾಣುತ್ತಾರೆ. ಮೊದಲು ಊರು ಶಿಂಷಾ ನದಿಯ ದಡದಲ್ಲಿತ್ತಂತೆ. 1916ರಲ್ಲಿ ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ.

ಇಲ್ಲಿ ಮುಖ್ಯವಾಗಿ ಗೂಡು ಕಟ್ಟುವುದು ಎರಡು ಹಕ್ಕಿ. ಒಂದು ಕೊಕ್ಕಿನ ಕೆಳಗೆ ಚೀಲ ಇರುವ ಹೆಜ್ಜಾರ್ಲೆ. ಇನ್ನೊಂದು ಬಣ್ಣದ ಕೊಕ್ಕರೆ. ಬಿಳಿ ಮೈ, ಎದೆಗೆ ಕಪ್ಪು ಪಟ್ಟಿ, ಹಳದಿ ಕೊಕ್ಕು, ಬಾಲದ ಹತ್ತಿರ ಕುಂಕುಮ ಚೆಲ್ಲಿದಂಥ ಗುಲಾಬಿ ಗರಿ. ಮರಿ ಮಾಡುವ ಕಾಲದಲ್ಲಿ ಆ ಬಣ್ಣ ಇನ್ನೂ ಗಾಢವಾಗುತ್ತೆ. ಚಳಿಗಾಲದಲ್ಲಿ ಬಂದು, ಕಡ್ಡಿ ಜೋಡಿಸಿ, ಮೊಟ್ಟೆ ಇಟ್ಟು, ಮರಿ ಹಾರುವಂತಾದ ಮೇಲೆ ಮುಂಗಾರಿನ ಹೊತ್ತಿಗೆ ಹೊರಡುತ್ತವೆ. ಮೊಟ್ಟೆ ಒಡೆಯಲು ಸುಮಾರು ಒಂದು ತಿಂಗಳು, ಮರಿ ರೆಕ್ಕೆ ಬಲಿಯಲು ಸುಮಾರು ಎರಡು ತಿಂಗಳು ಬೇಕು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ.

ಅವತ್ತು ಮಧ್ಯಾಹ್ನ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಬಿಸಿಲು ಸುಡುತ್ತಿತ್ತು. ತಾಯಿ ಕೊಕ್ಕರೆ ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆ ಬಿಚ್ಚಿ ನಿಂತಿತ್ತು, ಅದರ ನೆರಳಲ್ಲಿ ಮೂರು ಮರಿ. ಅಷ್ಟರಲ್ಲಿ ಇನ್ನೊಂದು ಬಂದು ಗಂಟಲಿನಿಂದ ಮೀನು ಕಕ್ಕಿತು, ಮರಿಗಳು ಮುಗಿಬಿದ್ದವು. ದೊಡ್ಡ ಕೊಕ್ಕರೆಗೆ ಕೂಗಲು ಹೆಚ್ಚು ದನಿಯಿಲ್ಲ, ಕೊಕ್ಕನ್ನು ಟಕಟಕ ಬಡಿಯುವುದೇ ಅದರ ಮಾತು. ಗದ್ದಲವೆಲ್ಲ ಮರಿಗಳದ್ದೇ. ಮೀನು ಹಿಡಿಯುವ ರೀತಿಯೂ ಬೇರೆ. ಆಳವಿಲ್ಲದ ನೀರಿನಲ್ಲಿ ಕೊಕ್ಕನ್ನು ಅರ್ಧ ತೆರೆದು ಮುಳುಗಿಸಿ, ಕಾಲಿನಿಂದ ನೀರು ಕಲಕುತ್ತಾ ನಡೆಯುತ್ತೆ. ಮೀನು ಕೊಕ್ಕಿಗೆ ತಾಗಿದರೆ ಸಾಕು, ಫಟ್ಟನೆ ಮುಚ್ಚಿಕೊಳ್ಳುತ್ತೆ. ಕಣ್ಣಿಗೆ ಕಾಣಬೇಕೆಂದೇ ಇಲ್ಲ. ಹಾಗಾಗಿ ಕೆರೆ ಬತ್ತಿದರೆ ಮರ ಎಷ್ಟಿದ್ದರೂ ಪ್ರಯೋಜನವಿಲ್ಲ.

ನಾವು ಊರ ಕಡೆಯವರು ಉದ್ದ ಕಾಲಿನ ಬಿಳಿ ಹಕ್ಕಿಯನ್ನೆಲ್ಲಾ ಕೊಕ್ಕರೆ ಅಂತ ಕರೆದುಬಿಡುತ್ತೇವೆ. ಹಾರುವಾಗ ನೋಡಿ, ಗೊತ್ತಾಗುತ್ತೆ. ಕೊಕ್ಕರೆ ಕತ್ತನ್ನು ನೆಟ್ಟಗೆ ಚಾಚಿ ಹಾರುತ್ತೆ. ಬೆಳ್ಳಕ್ಕಿ, ಬಕ ಕತ್ತನ್ನು ಮಡಚಿಕೊಂಡು ಹಾರುತ್ತವೆ. ದನದ ಹಿಂದೆ ಓಡಾಡುವ ಗೋವಕ್ಕಿಗೆ ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು ಅರಿಶಿನ ಹಚ್ಚಿದ ಹಾಗಾಗುತ್ತೆ. ಬೆಳ್ಳಕ್ಕಿಗಳ ಸಂಸಾರ ನೋಡಬೇಕಿದ್ದರೆ ಮಳೆಗಾಲದಲ್ಲಿ ಶಿವಮೊಗ್ಗ–ತೀರ್ಥಹಳ್ಳಿ ದಾರಿಯ ಮಂಡಗದ್ದೆಗೆ ಹೋಗಿ, ತುಂಗಾ ನದಿಯ ನಡುವಿನ ಮರಗಳೆಲ್ಲಾ ಬೆಳ್ಳಗಾಗಿರುತ್ತವೆ.

ಇದೇ ಬಳಗದ ನಾಚಿಕೆಯ ಹಕ್ಕಿ ಗುಪ್ಪಿ. ಅದು ಊರ ಮರಕ್ಕೆ ಬರುವುದಿಲ್ಲ, ಜೊಂಡಿನ ನಡುವೆಯೇ ಗೂಡು. ಸಂಜೆ ಕೆರೆ ಕಡೆ ಹೋದಾಗ ಅತ್ತೆಯ ಮಗ ನನ್ನ ಕೈ ಹಿಡಿದು ನಿಲ್ಲಿಸಿ, 'ಅಲ್ನೋಡು' ಅಂದ. ಜೊಂಡು ಬಿಟ್ಟು ನನಗೆ ಏನೂ ಕಾಣಲಿಲ್ಲ. ಗುಪ್ಪಿ ಕೊಕ್ಕನ್ನು ಆಕಾಶಕ್ಕೆ ಎತ್ತಿ, ಮೈ ಸಣ್ಣ ಮಾಡಿಕೊಂಡು ಜೊಂಡಿನ ಕಡ್ಡಿಯ ಹಾಗೇ ನಿಂತಿತ್ತು! ಅದು ಹಾರಿದ ಮೇಲೆಯೇ ನನಗೆ ಕಂಡದ್ದು. ಮರ ಕಡಿಯುತ್ತೇನೆ ಅನ್ನುವ ಹುಡುಗನ ಕಣ್ಣು ಇಷ್ಟು ಸೂಕ್ಷ್ಮ ಅಂತ ಆಶ್ಚರ್ಯವಾಯಿತು.

ಕೇಳಿದೆ. ಅವನದೂ ಸುಳ್ಳಲ್ಲ. 'ಹಣ್ಣು ಬಡಿಯೋ ಟೈಮಿಗೇ ಗೂಡು ಕಟ್ತವೆ. ಮರ ಹತ್ತಂಗಿಲ್ಲ, ಒಂದು ವರ್ಷಾನೂ ಪೂರ್ತಿ ಹುಣಸೆಹಣ್ಣು ಕಂಡಿಲ್ಲ. ಬಟ್ಟೆ ಒಣಗಾಕಂಗಿಲ್ಲ, ನಾತ ಬೇರೆ. ನೋಡೋಕೆ ಬರೋರು ಫೋಟೋ ತಕ್ಕಂಡು ಹೋಯ್ತಾರೆ, ನಾವು ಇಲ್ಲೇ ಇರ್ಬೇಕಲ್ಲ' ಅಂದ. ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. ಮರದ ಕೆಳಗೆ ಗೋಡು ಮಣ್ಣು ಹರಡಿ, ಬಿದ್ದ ಹಿಕ್ಕೆಯನ್ನು ಅದರಲ್ಲಿ ಸೇರಿಸಿ ಹೊಲಕ್ಕೆ ಗೊಬ್ಬರ ಮಾಡುವುದು ಹಳೆಯ ರೂಢಿ. ಆದರೂ ಒಂದು ಮರದ ಹುಣಸೆಹಣ್ಣಿನ ಬೆಲೆ ಹಳ್ಳಿಯ ಮನೆಗೆ ಸಣ್ಣದಲ್ಲ.

ಊರಿನ ಯುವಕರು 1994ರಲ್ಲಿ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಮೀನು ಹಾಕಿ ಸಾಕಿ ಹಾರಿಬಿಡುತ್ತಾ ಬಂದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಬೇಲಿ ಹಾಕಿದ ಪಕ್ಷಿಧಾಮ ಇದಲ್ಲ. ಇಲ್ಲಿ ಹಕ್ಕಿ ಉಳಿದಿರುವುದು ಮನೆಮನೆಯ ತಾಳ್ಮೆಯಿಂದ. ಅದಕ್ಕೇ ಒಂದು ಮನೆಯ ತೀರ್ಮಾನಕ್ಕೂ ಬೆಲೆಯಿದೆ.

ರಾತ್ರಿ ಊಟಕ್ಕೆ ಕೂತಾಗ ಗೂಡಿನಿಂದ ಒಂದು ಮರಿ ಧೊಪ್ಪನೆ ಅಂಗಳಕ್ಕೆ ಬಿತ್ತು. ಅತ್ತೆ ಏಳುವ ಮೊದಲೇ ಮಗ ಎದ್ದು ಹೋದ. ನಾಯಿ ಓಡಿಸಿ, ಮರಿಯನ್ನು ಗೋಣಿಚೀಲದಲ್ಲಿ ಸುತ್ತಿ ಮಂಕರಿ ಕೆಳಗೆ ಇಟ್ಟ. ಅತ್ತೆ ಎರಡು ದಿನದ ಮೇಲೆ ಮೊದಲ ಸಲ ಅವನ ಹತ್ತಿರ ಮಾತಾಡಿದರು. 'ಕೈ ತೊಳ್ಕಂಡು ಬಂದು ಉಣ್ಣು, ಮುದ್ದೆ ಆರೋಯ್ತದೆ.'

ಈ ವರ್ಷ ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆ ಆರಡಿ ಹಿಂದಕ್ಕೆ ಸರಿದಿದೆ, ಅಡುಗೆಮನೆ ಸ್ವಲ್ಪ ಇಕ್ಕಟ್ಟು. ಕಾರು ಬೀದಿಯಲ್ಲೇ ನಿಲ್ಲುತ್ತೆ, ಹಿಕ್ಕೆ ಬೀಳದಿರಲೆಂದು ಮೇಲೊಂದು ಟಾರ್ಪಾಲು. ಹುಣಸೆಮರದ ತುಂಬಾ ಗೂಡುಗಳಿದ್ದವು.

ನೀವೂ ಹೋಗಿಬನ್ನಿ. ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ. ಕಲ್ಲೆಸೆಯಬೇಡಿ, ಪಟಾಕಿ, ಜೋರು ಹಾಡು ಬೇಡ. ಫೋಟೋ ತೆಗೆಯುವ ಮುನ್ನ ಆ ಮನೆಯವರನ್ನು ಒಂದು ಮಾತು ಕೇಳಿ. ನೀವು ನಿಂತಿರುವುದು ಬಾಣಂತಿ ಮನೆಯ ಅಂಗಳದಲ್ಲಿ.