ಅಂಟಿಸುವ ಮುನ್ನ ಒಮ್ಮೆ ಓದಿ

ಅಂಗಡಿಯಿಂದ ತಂದ ಅಕ್ಕಿಯನ್ನು ಆರಿಸದೆ, ತೊಳೆಯದೆ ನೀವು ಒಲೆಗೆ ಇಡುತ್ತೀರಾ? ಖಂಡಿತ ಇಲ್ಲ. ಆದರೆ ನಿಮ್ಮ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತಾಗ, ಎಲ್ಲಿಂದಲೋ ಸಿಕ್ಕಿದ ಸಾಲನ್ನು ಓದದೆಯೇ ನಕಲು ಮಾಡಿ ಅಂಟಿಸುವುದನ್ನು ಗಮನಿಸಿದ್ದೀರಾ?

ಕಾಸರಗೋಡು, ಮಂಜೇಶ್ವರದ ಸಹೋದರಿಯರಿಗೆ ಲಿನಕ್ಸ್ ಅಪರಿಚಿತವಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಇಂದು ಕೇರಳದ ಸರಕಾರಿ ಶಾಲೆಗಳಲ್ಲಿ ಬಳಸುತ್ತಾರೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಲಿನಕ್ಸ್‌ನಲ್ಲಿ ಟರ್ಮಿನಲ್ ಎಂಬ ಕಿಟಕಿಯೊಂದಿದೆ. ಅಲ್ಲಿ ಚಿತ್ರಗಳನ್ನು ಒತ್ತುವುದಿಲ್ಲ, ಅಕ್ಷರಗಳಲ್ಲಿ ಆಜ್ಞೆ ಬರೆಯುತ್ತೇವೆ. ಎಂಟರ್ ಕೀಲಿ ಒತ್ತಿದೊಡನೆ ಆಜ್ಞೆ ಜಾರಿಯಾಗುತ್ತದೆ. ಬೇರೆಡೆ ಕಂಟ್ರೋಲ್ ಮತ್ತು ಸಿ ಒತ್ತಿದರೆ ನಕಲಾಗುತ್ತದೆ. ಟರ್ಮಿನಲ್‌ನಲ್ಲಿ ಹಾಗೆ ಒತ್ತಿದರೆ ನಡೆಯುತ್ತಿರುವ ಕೆಲಸವೇ ನಿಂತುಹೋಗುತ್ತದೆ! ಅಲ್ಲಿ ನಕಲು ಮಾಡಲು ಸಾಮಾನ್ಯವಾಗಿ ಕಂಟ್ರೋಲ್, ಶಿಫ್ಟ್ ಮತ್ತು ಸಿ, ಅಂಟಿಸಲು ಕಂಟ್ರೋಲ್, ಶಿಫ್ಟ್ ಮತ್ತು ವಿ ಒತ್ತಬೇಕು. ಇದು ಸುಲಭ, ಒಂದು ದಿನದಲ್ಲಿ ರೂಢಿಯಾಗುತ್ತದೆ.

ಅಪಾಯವಿರುವುದು ಬೇರೆ ಕಡೆ. ನಕಲು ಮಾಡಿದ ಬರಹದ ಕೊನೆಯಲ್ಲಿ ಸಾಲು ಮುರಿಯುವ ಗುರುತು ಸೇರಿಕೊಂಡಿದ್ದರೆ, ಹಳೆಯ ವ್ಯವಸ್ಥೆಗಳಲ್ಲಿ ಅಂಟಿಸಿದ ಕ್ಷಣವೇ ಆಜ್ಞೆ ಜಾರಿಯಾಗುತ್ತಿತ್ತು. ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಓದುವ ಬ್ಯಾಷ್ ಎಂಬ ತಂತ್ರಾಂಶದ 5.1ನೇ ಆವೃತ್ತಿ 2020ರಲ್ಲಿ ಬಂದ ಮೇಲೆ, ಅಂಟಿಸಿದ್ದು ಎಂಟರ್ ಒತ್ತುವವರೆಗೆ ಕಾಯುವುದು ವಾಡಿಕೆಯಾಯಿತು. ಆದರೆ ಓದದೆ ಎಂಟರ್ ಒತ್ತುವವರನ್ನು ಯಾವ ತಂತ್ರಾಂಶ ತಾನೇ ಕಾಪಾಡೀತು? ಜಾಲತಾಣಗಳಲ್ಲಿ ಕಣ್ಣಿಗೆ ಕಾಣದ ಅಕ್ಷರಗಳನ್ನು ಅಡಗಿಸಿಡುವ ವಂಚಕರೂ ಇದ್ದಾರೆ. ನಾವು ಆರಿಸಿದ್ದು ಒಂದು, ಅಂಟಿಕೊಂಡದ್ದು ಇನ್ನೊಂದು!

ಸಾಲಿನಲ್ಲಿ 'ಸುಡೋ' ಎಂಬ ಪದ ಕಂಡರೆ ನಿಲ್ಲಿ. ಅದು ಇಡೀ ಕಂಪ್ಯೂಟರಿನ ಯಜಮಾನಿಕೆಯನ್ನು ಆ ಆಜ್ಞೆಯ ಕೈಗೆ ಕೊಡುತ್ತದೆ. 'ಆರ್‌ಎಂ' ಎಂದರೆ ಅಳಿಸು ಎಂದರ್ಥ. ಹಾಗೆ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಮಗಳ ಮದುವೆಯ ಫೋಟೋ, ಅಗಲಿದ ಅಜ್ಜಿಯ ಧ್ವನಿ, ಮನೆಯ ಲೆಕ್ಕಪತ್ರ ಎಲ್ಲವೂ ಕ್ಷಣದಲ್ಲಿ ಇಲ್ಲವಾಗಬಹುದು.

ಆದ್ದರಿಂದ ಮಕ್ಕಳಿಗೆ ಮೂರು ಅಭ್ಯಾಸ ಕಲಿಸಿ. ನಕಲು ಮಾಡಿದ್ದನ್ನು ಮೊದಲು ಬರಹ ತಿದ್ದುವ ಸಾದಾ ತಂತ್ರಾಂಶದಲ್ಲಿ ಅಂಟಿಸಿ, ಪದ ಪದವಾಗಿ ಓದಲಿ. ಅರ್ಥವಾಗದ ಪದವಿದ್ದರೆ ಬಲ್ಲವರನ್ನು ಕೇಳದೆ ಮುಂದುವರಿಯದಿರಲಿ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ.

ಸುದ್ದಿ ತಂದವನನ್ನು ನಂಬಲಾಗದಿದ್ದರೆ ಮೊದಲು ವಿಚಾರಿಸಿ ನೋಡಬೇಕೆಂಬ ಪಾಠವನ್ನು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ನಮಗೆ ಕಲಿಸಿದೆ. ತಿಳಿಯದೆ ಯಾರಿಗೂ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬಾರದೆಂಬುದೇ ಅದರ ಉದ್ದೇಶ. ಮನೆಮಂದಿಯ ನೆನಪುಗಳೂ ದಾಖಲೆಗಳೂ ನಮ್ಮ ಕೈಯಲ್ಲಿರುವ ಅಮಾನತ್. ನಿಮಗೆ ಲಿನಕ್ಸ್ ತಿಳಿಯಬೇಕೆಂದೇನೂ ಇಲ್ಲ. ಮಗುವಿನ ಪಕ್ಕದಲ್ಲಿ ಕುಳಿತು, "ಈ ಸಾಲಿನ ಅರ್ಥವೇನು, ನನಗೂ ಹೇಳು" ಎಂದು ಕೇಳಿ. ಉತ್ತರ ಬಾರದಿದ್ದರೆ ಎಂಟರ್ ಒತ್ತಲು ಬಿಡಬೇಡಿ.