ಕಬ್ಬಿನ ಬಯಲಿನ ಮೇಲಿನ ಅಲ್ಪಾಯುಷಿಗಳು

ಮಳವಳ್ಳಿ ಸೀಮೆಯಲ್ಲಿ ಮಳೆ ಹಿಂದಾಗಿ ಚಳಿ ಕಾಲಿಡುವ ಕಾರ್ತಿಕದ ರಾತ್ರಿಗಳು ಕ್ಲೌಡ್ ಚೇಂಬರಿನಲ್ಲಿ ಕಣಗಳ ಜಾಡು ನೋಡುವ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತವೆ. ತೋಟದ ಮನೆಯ ಜಗಲಿ ಮೇಲೆ ಮೀನು ಸಾಕುವ ಗಾಜಿನ ತೊಟ್ಟಿಯನ್ನು ಬೋರಲು ಹಾಕಿದ್ದೇನೆ. ಒಳಗೆ ಮೇಲ್ಭಾಗದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆ, ಅಡಿಗೆ ಕಪ್ಪು ಬಳಿದ ಲೋಹದ ತಟ್ಟೆ, ಅದರ ಕೆಳಗೆ ಡ್ರೈ ಐಸ್. ಸೊನ್ನೆಗಿಂತ 78 ಡಿಗ್ರಿ ಕೆಳಗಿರುವ ಆ ಥಂಡಿಯಲ್ಲಿ ಆಲ್ಕೋಹಾಲ್ ಆವಿ ಹನಿಗಟ್ಟಲು ಒಂದು ನೆಪ ಕಾಯುತ್ತಿರುತ್ತದೆ. ವಿದ್ಯುದಂಶವಿರುವ ಕಣವೊಂದು ಹಾದರೆ ಸಾಕು, ಹೋದ ದಾರಿಯುದ್ದಕ್ಕೂ ಬಿಳಿ ಎಳೆ ಮೂಡುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟು, ಕಣ್ಣು ಕತ್ತಲೆಗೆ ಒಗ್ಗುವ ತನಕ ಸುಮ್ಮನೆ ಕೂರಬೇಕು.

ಮೊದಲು ಕಾಣುವುದು ಗಿಡ್ಡ, ದಪ್ಪ ಗೆರೆಗಳು. ಅವು ಆಕಾಶದವಲ್ಲ, ನೆಲದವು. ಇಲ್ಲಿನ ಗ್ನೈಸ್, ಗ್ರಾನೈಟ್ ಬಂಡೆಗಳಲ್ಲಿ ಅಷ್ಟಿಷ್ಟು ಸೇರಿಕೊಂಡಿರುವ ಯುರೇನಿಯಂ ಕ್ಷಯಿಸುತ್ತಾ ರೇಡಾನ್ ಅನಿಲ ಹುಟ್ಟುತ್ತದೆ. ಅದು ಉಗುಳುವ ಆಲ್ಫಾ ಕಣಗಳ ಗುರುತು ಈ ಗೆರೆಗಳು. ಸೊಟ್ಟಸೊಟ್ಟಗೆ ಸುಳಿದು ಮಾಯವಾಗುವ ಸಣ್ಣ ಎಳೆಗಳು ಎಲೆಕ್ಟ್ರಾನಿನವು. ಇವುಗಳ ನಡುವೆ, ಎಲ್ಲೂ ಬಾಗದೆ, ಒಂದು ಗೋಡೆಯಿಂದ ಇನ್ನೊಂದಕ್ಕೆ ಗೀಟೆಳೆದ ಹಾಗೆ ಹೋಗುವ ತೆಳು ಗೆರೆ ಬಹುಮಟ್ಟಿಗೆ ಆಕಾಶದಿಂದ ಇಳಿದ ಮ್ಯೂಆನ್ ಎಂಬ ಕಣದ್ದು. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 10,000 ಬೀಳುತ್ತವೆ.

ಪಕ್ಕದ ಆಲೆಮನೆಯಿಂದ ಬಂದವರೊಬ್ಬರು ಬಗ್ಗಿ ನೋಡಿ, "ಮೋಡ ಮುಚ್ಚಿದ್ರೂ ಬತ್ತದಾ ಸಾ ಇದು?" ಎಂದರು.

"ಬತ್ತದೆ. ಸೂರಿನ ಒಳಕ್ಕೂ ಬತ್ತದೆ, ಬಂಡೆ ಒಳಕ್ಕೂ ಹೋಯ್ತದೆ."

"ಹಂಗಾರೆ ಹುಟ್ಟಾದು ಎಲ್ಲಿ?"

ಕೇಳಬೇಕಾದ ಪ್ರಶ್ನೆ ಅದೇ. ಹುಟ್ಟುವುದು ನಮ್ಮ ತಲೆಯ ಮೇಲೆ, ಸುಮಾರು 15ರಿಂದ 20 ಕಿಲೋಮೀಟರ್ ಎತ್ತರದಲ್ಲಿ. ಬಾಹ್ಯಾಕಾಶದ ಪ್ರೋಟಾನ್ ಬಂದು ಗಾಳಿಯ ನೈಟ್ರೋಜನ್ ಇಲ್ಲವೇ ಆಮ್ಲಜನಕದ ನ್ಯೂಕ್ಲಿಯಸ್ಸಿಗೆ ಬಡಿಯುತ್ತದೆ. ಆ ಹೊಡೆತಕ್ಕೆ ಪಯಾನ್‌ಗಳು ಹೇರಳವಾಗಿ, ಕೇಯಾನ್‌ಗಳು ಅಪರೂಪವಾಗಿ ಹೊರಬೀಳುತ್ತವೆ; ಎರಡೂ ಮ್ಯೂಆನ್‌ಗಳನ್ನು ಹಡೆಯುತ್ತವೆ. ಈ ಕೇಯಾನ್, ವಿಜ್ಞಾನಿಗಳು ‘ವಿಚಿತ್ರ ಕಣಗಳು’ (ಸ್ಟ್ರೇಂಜ್) ಎಂದು ಹೆಸರಿಟ್ಟ ಕುಲದ್ದು. ಹುಟ್ಟುವುದು ಊಹೆಗೂ ನಿಲುಕದ ವೇಗದಲ್ಲಿ, ಸಾಯುವುದು ಮಾತ್ರ ಆ ಲೆಕ್ಕಕ್ಕೆ ಬಹಳ ನಿಧಾನವಾಗಿ. ಒಂಟಿಯಾಗಿ ಹುಟ್ಟುವುದಿಲ್ಲ, ಇನ್ನೊಂದು ವಿಚಿತ್ರ ಕಣದ ಜೊತೆಯಲ್ಲೇ ಹುಟ್ಟುತ್ತದೆ. 1950ರ ದಶಕದ ಮೊದಲಲ್ಲಿ ವಿಜ್ಞಾನಿಗಳನ್ನು ಕಂಗೆಡಿಸಿದ ನಡವಳಿಕೆ ಇದು.

ನಮ್ಮ ಸೀಮೆಯ ಆಕಾಶಕ್ಕೆ ಒಂದು ವಿಶೇಷವಿದೆ. ಹೇಳುವಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ. ಹಾಗಾಗಿ ಇಲ್ಲಿ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿ ಹಾಸಿಕೊಂಡಿದ್ದು, ಬಲಹೀನ ಪ್ರೋಟಾನ್‌ಗಳನ್ನು ಬಂದ ದಾರಿಗೇ ತಿರುಗಿಸಿಬಿಡುತ್ತದೆ. ನೆಟ್ಟಗೆ ಮೇಲಿನಿಂದ ಇಳಿಯಬೇಕಾದರೆ ಪ್ರೋಟಾನಿನಲ್ಲಿ ಸುಮಾರು 17 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಿರಬೇಕು. ಕೇಯಾನ್ ಮತ್ತು ಅದರ ಜೊತೆ ಹುಟ್ಟುವ ಲ್ಯಾಮ್ಡಾ ಎಂಬ ವಿಚಿತ್ರ ಕಣದ ಜೋಡಿಯನ್ನು ಹುಟ್ಟಿಸಲು ಸುಮಾರು 1.6 ಸಾಕು. ಎಂದರೆ ಮಂಡ್ಯದ ಗದ್ದೆಗಳ ಮೇಲೆ ನೆಟ್ಟಗೆ ಇಳಿಯುವ ಒಂದೊಂದು ಪ್ರೋಟಾನಿಗೂ ಬೇಕಾದ್ದರ ಹತ್ತು ಪಟ್ಟು ಶಕ್ತಿ ಇದ್ದೇ ಇರುತ್ತದೆ. 1939–40ರ ಚಳಿಗಾಲದಲ್ಲಿ ರಾಬರ್ಟ್ ಮಿಲಿಕನ್ ತಂಡ ಬೆಂಗಳೂರಿಗೂ ಬಂದು ಬಲೂನು ಹಾರಿಸಿದ್ದು ಕಾಂತಕ್ಷೇತ್ರದ ಈ ತಡೆಯ ಬೆನ್ನು ಹತ್ತಿಯೇ.

ವಿಚಿತ್ರ ಕಣ ಮೊದಲು ಸಿಕ್ಕಿದ್ದೂ ಹೀಗೆ ಕಾದು ಕೂತವರಿಗೆ. ಮ್ಯಾಂಚೆಸ್ಟರಿನಲ್ಲಿ ರಾಚೆಸ್ಟರ್ ಮತ್ತು ಬಟ್ಲರ್ ಎಂಬ ವಿಜ್ಞಾನಿಗಳು ಕ್ಲೌಡ್ ಚೇಂಬರಿನ ನಡುವೆ ಸೀಸದ ಹಲಗೆಯಿಟ್ಟು ಸುಮಾರು 5,000 ಚಿತ್ರ ತೆಗೆದರು. ಬೆಲೆಬಾಳುವಂಥವು ಎರಡೇ: ಒಂದು 1946ರ ಅಕ್ಟೋಬರಿನದು, ಇನ್ನೊಂದು 1947ರ ಮೇ ತಿಂಗಳದು. ಮೊದಲನೆಯದರಲ್ಲಿ ಏನೂ ಇಲ್ಲದ ಜಾಗದಿಂದ ಎರಡು ಎಳೆಗಳು ಕವಲೊಡೆದಿದ್ದವು. ಎಲೆಕ್ಟ್ರಾನಿಗಿಂತ ಸುಮಾರು ಸಾವಿರ ಪಟ್ಟು ಭಾರದ, ವಿದ್ಯುದಂಶವಿಲ್ಲದ ಯಾವುದೋ ಅಲ್ಲಿ ಸತ್ತಿತ್ತು. ಎರಡು ಚಿತ್ರಗಳನ್ನು ನಂಬಿ ಹೊಸ ಜೀವಿಯೊಂದನ್ನು ಸಾರಿದ ಆ ಧೈರ್ಯಕ್ಕೆ ನಾನು ಈಗಲೂ ತಲೆಬಾಗುತ್ತೇನೆ.

ವಿಚಿತ್ರ ಕಣಗಳ ಬಳಗದಲ್ಲೇ ಅನುರಣನ (ರೆಸೊನೆನ್ಸ್) ಎಂಬ ಇನ್ನೂ ಅಲ್ಪಾಯುಷಿ ಕಣಗಳಿವೆ; ಅವಕ್ಕೆ ಕವಲೊಡೆದು ಕಾಣಿಸಿಕೊಳ್ಳುವಷ್ಟೂ ಆಯುಷ್ಯವಿಲ್ಲ. ಕೆ-ಸ್ಟಾರ್ ಎಂಬುದು ಪ್ರೋಟಾನಿನ ಅಗಲದ ಎರಡು ಮೂರು ಪಟ್ಟು ದೂರ ಸಾಗುವಷ್ಟರಲ್ಲಿ ಕೇಯಾನ್ ಮತ್ತು ಪಯಾನ್ ಆಗಿ ಒಡೆದುಹೋಗಿರುತ್ತದೆ. ಶಿವನಸಮುದ್ರದ ಕೆಳಗಿನ ಕಾವೇರಿಯಲ್ಲಿ ನೀರುನಾಯಿಯನ್ನು ಕಾಣದೆಯೂ ಮರಳಿನ ಹೆಜ್ಜೆಯಿಂದ, ಏಡಿಚಿಪ್ಪು ತುಂಬಿದ ಲದ್ದಿಯಿಂದ ಅದರ ಇರವನ್ನು ಅರಿಯುವಂತೆಯೇ ಇದರ ಅರಿವೂ. ಲಕ್ಷಾಂತರ ಘರ್ಷಣೆಗಳಲ್ಲಿ ಸಿಕ್ಕ ಕೇಯಾನ್, ಪಯಾನ್‌ಗಳನ್ನು ಜೋಡಿ ಮಾಡಿ, ಶಕ್ತಿ ಮತ್ತು ಸಂವೇಗವನ್ನು ಕೂಡಿಸಿ, ಅವು ಒಂದೇ ತಾಯಿಯ ಮಕ್ಕಳಾಗಿದ್ದರೆ ತಾಯಿಯ ದ್ರವ್ಯರಾಶಿ ಎಷ್ಟಿರಬೇಕಿತ್ತೆಂದು ಲೆಕ್ಕಹಾಕುತ್ತಾರೆ. ಸಂಬಂಧವಿಲ್ಲದ ಜೋಡಿಗಳು ಎಲ್ಲೆಡೆ ಹರಡಿಕೊಳ್ಳುತ್ತವೆ. 892 ಮೆಗಾ ಎಲೆಕ್ಟ್ರಾನ್‌ವೋಲ್ಟಿನ ಬಳಿ ಮಾತ್ರ ಒಂದು ದಿಬ್ಬ ಏಳುತ್ತದೆ. ಅದೇ ಕೆ-ಸ್ಟಾರ್. ಜಿನೀವಾದ ಆಲಿಸ್ ಪ್ರಯೋಗದಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು ನೇರಾನೇರ ಡಿಕ್ಕಿ ಹೊಡೆಸಿದಾಗ ಈ ದಿಬ್ಬ ತಗ್ಗುತ್ತದೆ. ದಟ್ಟ ದ್ರವ್ಯದಲ್ಲಿ ಮಕ್ಕಳು ಮತ್ತೆ ಇತರ ಕಣಗಳಿಗೆ ಬಡಿದು ದಿಕ್ಕು ತಪ್ಪುತ್ತವೆ, ತಾಯಿಯ ಗುರುತು ಅಳಿಯುತ್ತದೆ. ಅದೇ ತಂಡ 2017ರಲ್ಲಿ ಇನ್ನೊಂದನ್ನು ತೋರಿಸಿತು: ಬರೀ ಪ್ರೋಟಾನ್‌ಗಳ ಡಿಕ್ಕಿಯಲ್ಲೂ ಹುಟ್ಟುವ ಕಣಗಳ ಗುಂಪು ದೊಡ್ಡದಾದಷ್ಟೂ ಅದರಲ್ಲಿ ವಿಚಿತ್ರ ಕಣಗಳ ಪಾಲು ಏರುತ್ತದೆ.

ಗಗನಚುಕ್ಕಿಯ ಬಳಿಯ ಬ್ಲಫ್‌ಗೆ ಹೋದಾಗ ನನಗೆ ನೆನಪಾಗುವುದು ಕೋಲಾರ. 1902ರ ಜೂನ್ 30ರಂದು ಇಲ್ಲಿನ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಚಿನ್ನದ ಗಣಿ ಮುಟ್ಟಿತು. ಗಣಿ ಆಳಕ್ಕಿಳಿಯಲು ಕಾವೇರಿ ಬಲ ಕೊಟ್ಟಳು. ನಂಜನಗೂಡಿನ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಅದೇ ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ಮುಂದೆ ಸುಮಾರು 2,700 ಮೀಟರ್ ಆಳದಲ್ಲಿ ಉಪಕರಣಗಳಿಟ್ಟಾಗ ಎರಡು ತಿಂಗಳಲ್ಲಿ ಒಂದೂ ಸಿಗಲಿಲ್ಲ. ಮ್ಯೂಆನ್ ಗದ್ದಲವಿಲ್ಲದ ಆ ಮೌನವೇ ದಾರಿ ತೋರಿತು; 1965ರಲ್ಲಿ ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಅಲ್ಲಿ ಸಿಕ್ಕಿತು. ಆ ನ್ಯೂಟ್ರಿನೊಗಳೂ ಬಹುಪಾಲು ಪಯಾನ್, ಕೇಯಾನ್‌ಗಳ ಸಂತಾನವೇ. ಶಕ್ತಿ ಏರಿದಷ್ಟೂ ಅವುಗಳಲ್ಲಿ ಕೇಯಾನಿನ ಪಾಲು ಹೆಚ್ಚು.

ನನ್ನ ತೊಟ್ಟಿಯಲ್ಲೂ ಆಗೊಮ್ಮೆ ಈಗೊಮ್ಮೆ ಕವಲು ಕಾಣುತ್ತದೆ. ಅದನ್ನು ಕೇಯಾನ್ ಎನ್ನಲಾಗದು. ನೆಲಮಟ್ಟದಲ್ಲಿ ಅದು ತೀರ ವಿರಳ. ಗಾಮಾ ಕಿರಣವೊಂದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಆಗಿ ಸೀಳಿದರೂ, ಮ್ಯೂಆನ್ ಒಂದು ಎಲೆಕ್ಟ್ರಾನನ್ನು ಒದ್ದು ಹೊರಗಟ್ಟಿದರೂ ಹಾಗೆಯೇ ಕಾಣುತ್ತದೆ. ಸಮಯ, ಕವಲಿನ ಕೋನ, ಎಳೆಗಳ ದಪ್ಪವನ್ನಷ್ಟೇ ಬರೆದಿಡುತ್ತೇನೆ. ಈಗ ತಟ್ಟೆಯ ಪಕ್ಕದಲ್ಲಿ ಕಾಂತ ಕೂರಿಸುವ ಕೆಲಸ ನಡೆದಿದೆ; ಎಳೆಗಳು ಎಷ್ಟು ಬಾಗುತ್ತವೆಂದು ನೋಡಿ ಹಗುರ ಎಲೆಕ್ಟ್ರಾನ್‌ಗಳನ್ನಾದರೂ ಬೇರೆ ತೆಗೆಯಬಹುದು.