ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗೇಮ್ ತೆವಳುವುದೇಕೆ?

ಮಧುಗಿರಿಯ ಪಿಯುಸಿ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಇದು. ಬೆಂಗಳೂರಿನ ಯಾವುದೋ ಕಂಪನಿ ಬಳಸಿ ಬಿಟ್ಟ ಲ್ಯಾಪ್‌ಟಾಪು ಅವರ ಮನೆಗೆ ಬಂದಿದೆ. ಮೂರನೆಯ ಪೀಳಿಗೆಯ ಇಂಟೆಲ್ ಕೋರ್ ಐ5, 4 ಜಿಬಿ ರ್ಯಾಮ್. ಗೇಮ್ ಶುರು ಮಾಡಿದ ಮೇಲೆ ಹತ್ತು ನಿಮಿಷ ಸಲೀಸಾಗಿ ಓಡುತ್ತದೆ. ಆಮೇಲೆ ಫ್ಯಾನು ಜೋರಾಗಿ ಕೂಗತೊಡಗುತ್ತದೆ, ಚಿತ್ರ ತಡವರಿಸುತ್ತದೆ. ರಿಪೇರಿಯವರ ಸಲಹೆಯಂತೆ ಫಾರ್ಮ್ಯಾಟ್ ಮಾಡಿಸಿದ್ದೂ ಆಗಿದೆ, ಏನೂ ಬದಲಾಗಿಲ್ಲ. ‘ಹಳೇದಲ್ವಾ ಸರ್, ಇನ್ನೇನು ಮಾಡಕ್ಕಾಗುತ್ತೆ?’ ಎಂದು ಪತ್ರ ಮುಗಿಸಿದ್ದಾನೆ.

ಬಹಳ ಮಾಡಬಹುದು. ಚಿಪ್‌ಗೆ ಮಂಡಿನೋವು ಬರುವುದಿಲ್ಲ. ಹೊಸದಾಗಿದ್ದ 2012ರಲ್ಲಿ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ ಇವತ್ತೂ ಅಷ್ಟನ್ನು ಮಾಡುವ ಶಕ್ತಿ ಅದಕ್ಕಿದೆ. ಅದನ್ನು ಮಾಡಲು ಬಿಡದ ಸಂಗತಿಗಳು ಸುತ್ತ ಸೇರಿಕೊಂಡಿರುತ್ತವೆ. ಅವುಗಳಲ್ಲಿ ಎರಡು ಮುಖ್ಯ: ರ್ಯಾಮಿನ ಇಕ್ಕಟ್ಟು ಮತ್ತು ಬಿಸಿ.

ಮೊದಲು ಕೆಲಸದ ಗಾತ್ರ ನೋಡೋಣ. ಇಂಥ ಲ್ಯಾಪ್‌ಟಾಪ್‌ಗಳ ಪರದೆಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆಗಳಿರುತ್ತವೆ. ಗುಣಿಸಿದರೆ 10,49,088. ಆಟ ಸಲೀಸಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು, ಸೆಕೆಂಡೊಂದಕ್ಕೆ ಬಣ್ಣ ತುಂಬಬೇಕಾದದ್ದು ಆರು ಕೋಟಿಗೂ ಹೆಚ್ಚು ಚುಕ್ಕೆಗಳಿಗೆ. ಗೋಡೆಯ ಹಿಂದೆ ಮರ, ಮರದ ಹಿಂದೆ ಕಾರು ಇದ್ದರೆ ಒಂದೇ ಚುಕ್ಕೆಗೆ ಹಲವು ಸಲ ಬಣ್ಣ ಬಳಿಯಬೇಕಾಗಿಯೂ ಬರುತ್ತದೆ.

ಪಾವಗಡದ ಕಡೆ ಕಡಲೆಕಾಯಿ ಸುಗ್ಗಿ ನೋಡಿದವರಿಗೆ ಈ ಕೆಲಸ ಹೇಗೆ ನಡೆಯುತ್ತದೆಂದು ಹೇಳುವುದು ಸುಲಭ. ಕಿತ್ತ ಗಿಡಗಳು ಹೊಲದಲ್ಲಿ ಒಣಗುತ್ತಿರುತ್ತವೆ. ಕಣದಲ್ಲಿ ಹದಿನಾರು ಹೆಂಗಸರು ಸಾಲಾಗಿ ಕೂತು ಕಾಯಿ ಬಿಡಿಸುತ್ತಿದ್ದಾರೆ ಅನ್ನಿ. ಎಲ್ಲರದೂ ಒಂದೇ ಕೆಲಸ, ಯಾರಿಗೂ ಪಕ್ಕದವರ ಗಿಡದ ಗೊಡವೆಯಿಲ್ಲ. ಯಾವ ಹೊಲದ ಗಿಡ ಮೊದಲು ಬರಲಿ, ಮೋಡ ಕವಿದರೆ ಏನು ಮಾಡುವುದು, ಯಾರಿಗೆಷ್ಟು ಕೂಲಿ ಎಂದು ತೀರ್ಮಾನಿಸುವ ಯಜಮಾನ ಒಬ್ಬನೇ. ಆ ಯಜಮಾನ ಸಿಪಿಯು. ಸಾಲಾಗಿ ಕೂತವರು ಗ್ರಾಫಿಕ್ಸ್ ಚಿಪ್, ಅಂದರೆ ಜಿಪಿಯು. ಹುಡುಗನ ಲ್ಯಾಪ್‌ಟಾಪಿನಲ್ಲಿರುವ ಇಂಟೆಲ್ ಎಚ್‌ಡಿ 4000ರಲ್ಲಿ ಇಂಥ ಘಟಕಗಳು ನಿಜಕ್ಕೂ 16 ಇವೆ. ಈಗ ಯೋಚಿಸಿ: ಹೊಲದಿಂದ ಗಿಡ ತರಲು ಇರುವುದು ಒಂದೇ ಗಾಡಿ. ಹೊರೆ ಇಳಿದ ಕೂಡಲೇ ಹದಿನಾರು ಜೋಡಿ ಕೈಗಳು ಅದನ್ನು ಮುಗಿಸುತ್ತವೆ, ಮತ್ತೆ ಗಾಡಿಯ ದಾರಿ ಕಾಯುತ್ತವೆ. ಕೆಲಸ ನಿಧಾನವೆಂದು ಯಜಮಾನ ಇನ್ನೂ ನಾಲ್ಕು ಆಳು ಕರೆತಂದರೆ ಕಾಯುವವರ ಸಂಖ್ಯೆ ಹೆಚ್ಚುತ್ತದೆ ಅಷ್ಟೆ. ಬೇಕಾಗಿರುವುದು ಇನ್ನೊಂದು ಗಾಡಿ.

ಆ ಗಾಡಿ ಎಂದರೆ ರ್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ ತನ್ನದೇ ನೆನಪುಕೋಶ ಇರುತ್ತದೆ. ಎಚ್‌ಡಿ 4000ಕ್ಕೆ ಅಂಥ ಸ್ವಂತ ಆಸ್ತಿಯಿಲ್ಲ. ಸಿಪಿಯು ಬಳಸುವ ರ್ಯಾಮನ್ನೇ ಅದೂ ಹಂಚಿಕೊಳ್ಳಬೇಕು. ಒಂದೇ ಡಿಡಿಆರ್3-1600 ರ್ಯಾಮ್ ಕಡ್ಡಿ ಇದ್ದಾಗ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಮಾಹಿತಿ ಹರಿಯುತ್ತದೆ. ಎರಡನೆಯ ಕಿಂಡಿಯಲ್ಲೂ ಅಂಥದೇ ಕಡ್ಡಿ ಕೂರಿಸಿದರೆ 25.6 ಜಿಬಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವಿಭಾಗಕ್ಕೆ ಹೋದರೆ ಎಷ್ಟು ಕಿಂಡಿ ಇವೆ, ಎಷ್ಟು ತುಂಬಿವೆ ಎಂದು ಕಾಣುತ್ತದೆ. ‘1 ಆಫ್ 2’ ಎಂದಿದ್ದರೆ ನಿಮ್ಮ ಜಿಪಿಯು ಆಗಾಗ ಗಾಡಿ ಕಾಯುತ್ತಿದೆ ಎಂದೇ ತಿಳಿಯಿರಿ. ಹಳೆಯ ಯಂತ್ರಕ್ಕೆ ದುಡ್ಡು ಹಾಕುವುದಾದರೆ ನಾನು ಮೊದಲು ಹಾಕುವುದು ಇಲ್ಲಿಗೇ. ಇರುವ ಕಡ್ಡಿಯನ್ನು ಅಂಗಡಿಗೆ ಒಯ್ದು ತೋರಿಸಿ ಅದರ ಜೋಡಿಯನ್ನೇ ಕೇಳಿ ತನ್ನಿ. ಒಟ್ಟು 8 ಜಿಬಿ ಆಗುವುದರಿಂದ ಇನ್ನೊಂದು ಲಾಭವಿದೆ: ರ್ಯಾಮ್ ಸಾಲದೆ ವಿಂಡೋಸ್ ಹಾರ್ಡ್‌ಡಿಸ್ಕಿಗೆ ಓಡುವುದು ತಪ್ಪುತ್ತದೆ. ಆಟದಲ್ಲಿ ಹೊಸ ಬೀದಿಗೆ ತಿರುಗಿದಾಗಲೆಲ್ಲ ಅರೆಕ್ಷಣ ಕಲ್ಲಿನಂತೆ ನಿಂತುಬಿಡುವುದಕ್ಕೆ ಬಹುತೇಕ ಈ ಓಟವೇ ಕಾರಣ.

ಎರಡನೆಯ ಸಂಗತಿಯಾದ ಬಿಸಿಗೆ ಬರುವ ಮೊದಲು ರಾಬರ್ಟ್ ಡೆನಾರ್ಡ್ ಎಂಬ ವಿಜ್ಞಾನಿಯ ವಿಷಯ. ಅವರಿಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲವೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಅಮೆರಿಕದ ಐಬಿಎಂನಲ್ಲಿದ್ದ ಡೆನಾರ್ಡ್, ಒಂದು ಟ್ರಾನ್ಸಿಸ್ಟರು ಮತ್ತು ಒಂದು ಪುಟ್ಟ ಕೆಪಾಸಿಟರಿನಲ್ಲಿ ಒಂದು ಬಿಟ್ ಮಾಹಿತಿಯನ್ನು ಹಿಡಿದಿಡುವ ಉಪಾಯಕ್ಕೆ 1968ರಲ್ಲಿ ಪೇಟೆಂಟ್ ಪಡೆದರು. ಇಂದು ನಾವು ಕಿಂಡಿಗೆ ಸಿಕ್ಕಿಸುವ ಪ್ರತಿ ರ್ಯಾಮ್ ಕಡ್ಡಿಯಲ್ಲೂ ಆ ಉಪಾಯವೇ ಇದೆ. 1974ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಇನ್ನೊಂದು ಮಾತು ತೋರಿಸಿಕೊಟ್ಟರು: ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿ, ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸಿದರೆ, ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರು ತುಂಬಿ ವೇಗವಾಗಿ ಓಡಿಸಿದರೂ ಬಿಸಿ ಹೆಚ್ಚುವುದಿಲ್ಲ. ಮೂವತ್ತು ವರ್ಷ ಉದ್ಯಮ ಈ ನಿಯಮದ ಮೇಲೆ ನಡೆಯಿತು. ವೋಲ್ಟೇಜನ್ನು ಇನ್ನಷ್ಟು ಇಳಿಸಿದರೆ ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ ಸೋರುವ ಹಂತ ಬಂದಾಗ ನಿಯಮ ಕೈಕೊಟ್ಟಿತು. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನೇ ಕೈಬಿಟ್ಟಿತು. ಅಲ್ಲಿಂದೀಚೆಗೆ ಚಿಪ್ಪಿನ ವೇಗಕ್ಕೆ ಬೇಲಿ ಹಾಕಿರುವುದು ಬಿಸಿ.

ಈ ಬೇಲಿ ನಮ್ಮ ಸೀಮೆಯಲ್ಲಿ ಇನ್ನೂ ಒತ್ತಾಗುತ್ತದೆ. ಲ್ಯಾಪ್‌ಟಾಪ್ ಚಿಪ್ಪುಗಳು ಸುಮಾರು 100 ಡಿಗ್ರಿ ಮುಟ್ಟಿದರೆ ಸುಟ್ಟುಹೋಗದಂತೆ ತಾವಾಗಿ ವೇಗ ಇಳಿಸಿಕೊಳ್ಳುತ್ತವೆ. ಬಿಸಿ ಎಷ್ಟು ಬೇಗ ಹೊರಹೋಗುತ್ತದೆ ಎಂಬುದು ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಕೋಣೆ 25 ಡಿಗ್ರಿ ಇದ್ದರೆ ಅಂತರ 75. ಶಿರಾ, ಪಾವಗಡದ ಏಪ್ರಿಲ್ ಮಧ್ಯಾಹ್ನದಂತೆ 40 ಇದ್ದರೆ ಅಂತರ 60. ಅದೇ ಫ್ಯಾನು, ಅದೇ ತಾಮ್ರದ ಕೊಳವೆ, ಆದರೆ ಸಾಗಿಸಬಲ್ಲ ಬಿಸಿ ಐದರಲ್ಲೊಂದು ಪಾಲು ಕಡಿಮೆ. ಚಿಪ್ಪು ಬಿಸಿಯಾದಷ್ಟೂ ಸೋರಿಕೆಯೂ ಹೆಚ್ಚುತ್ತದೆ. ಬಿಸಿಗೆ ಸೊರಗುವುದು ಚಿಪ್ಪೊಂದೇ ಅಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಪಾರ್ಕಿನ ಫಲಕಗಳೂ ಸಿಲಿಕಾನಿನವೇ. ಅವುಗಳ ಉತ್ಪಾದನೆಯೂ 25 ಡಿಗ್ರಿ ದಾಟಿದ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಇಳಿಯುತ್ತದೆ, ಧೂಳು ಕೂತರೆ ಇನ್ನೂ ಇಳಿಯುತ್ತದೆ.

ಲ್ಯಾಪ್‌ಟಾಪಿಗೂ ಧೂಳು ದೊಡ್ಡ ಶತ್ರು. ಫ್ಯಾನು ಊದುವ ಗಾಳಿ ಹೀಟ್‌ಸಿಂಕಿನ ಸಣ್ಣ ಸಣ್ಣ ರೆಕ್ಕೆಗಳ ನಡುವೆ ಹೊರಹೋಗಬೇಕು. ಆ ರೆಕ್ಕೆಗಳ ಒಳಬದಿಯಲ್ಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಇಣುಕಿದರೆ ಕಾಣುವುದಿಲ್ಲ. ಹತ್ತು ವರ್ಷದ ಯಂತ್ರದಲ್ಲಿ ಚಿಪ್ಪಿಗೂ ತಾಮ್ರಕ್ಕೂ ನಡುವಿನ ಥರ್ಮಲ್ ಪೇಸ್ಟು ಒಣಗಿ ಬಿರುಕು ಬಿಟ್ಟಿರುವುದೂ ಸಾಮಾನ್ಯ. ‘ಹತ್ತು ನಿಮಿಷ ಚೆನ್ನಾಗಿ, ಆಮೇಲೆ ನಿಧಾನ’ ಎಂಬ ಲಕ್ಷಣ ಬಿಸಿಯತ್ತಲೇ ಬೆರಳು ಮಾಡುತ್ತದೆ. ಖಚಿತ ಮಾಡಿಕೊಳ್ಳಲು ಒಂದು ಪೈಸೆ ಖರ್ಚಿಲ್ಲ: ಆಟದ ಅದೇ ದೃಶ್ಯವನ್ನು ಬೆಳಗಿನ ಆರಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಆಡಿ ಹೋಲಿಸಿ. ವ್ಯತ್ಯಾಸ ಎದ್ದು ಕಂಡರೆ ಬಿಚ್ಚಿಸಿ, ಧೂಳು ತೆಗೆಸಿ, ಹೊಸ ಪೇಸ್ಟ್ ಹಚ್ಚಿಸಿ. ಹಾಸಿಗೆಯ ಮೇಲಿಟ್ಟು ಆಡಬೇಡಿ, ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ.

ಸಿಪಿಯು, ಜಿಪಿಯು ಎರಡೂ ಒಂದೇ ಚಿಪ್ಪಿನಲ್ಲಿರುವುದರಿಂದ ಬಿಸಿಯ ಪಾಲನ್ನೂ ಹಂಚಿಕೊಳ್ಳುತ್ತವೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ಎಂಬ ಹೆಚ್ಚುವರಿ ವೇಗ ನಿಲ್ಲುತ್ತದೆ, ಉಳಿದ ಬಿಸಿಯ ಪಾಲು ಜಿಪಿಯುಗೆ ಸಿಗುತ್ತದೆ. ಸೆಕೆಂಡಿಗೆ 30 ಚಿತ್ರಕ್ಕೆ ಮಿತಿ ಹಾಕಿದರೂ ಆಟ ಒಂದೇ ಹದದಲ್ಲಿ ಓಡುತ್ತದೆ. 55ಕ್ಕೆ ಏರಿ 18ಕ್ಕೆ ಬೀಳುವುದಕ್ಕಿಂತ ಕಣ್ಣಿಗೆ ಅದು ಎಷ್ಟೋ ಹಿತ.

ಆಟ ಮೊದಲ ಕ್ಷಣದಿಂದಲೇ ತೆವಳುತ್ತಿದ್ದರೆ ಬೇರೆ ಕಡೆ ಹುಡುಕಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಚಿಪ್ಪಿನ ಹೆಸರಿರುವಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಚಿಪ್ಪನ್ನು ನಡೆಸುವ ಡ್ರೈವರ್ ತಂತ್ರಾಂಶ ಇಲ್ಲವೆಂದೇ ಅರ್ಥ. ಫಾರ್ಮ್ಯಾಟ್ ಮಾಡಿಸಿದ ಮೇಲೆ ಡ್ರೈವರ್ ಹಾಕದೆ ಬಿಟ್ಟರೆ ಹೀಗಾಗುತ್ತದೆ. ಕೆಲವು ಲ್ಯಾಪ್‌ಟಾಪುಗಳು ತಮ್ಮದಲ್ಲದ ಚಾರ್ಜರ್ ಸಿಕ್ಕಿಸಿದಾಗ ಪ್ರೊಸೆಸರನ್ನು ಕೆಳ ವೇಗದಲ್ಲೇ ಕಟ್ಟಿಹಾಕುತ್ತವೆ. ಸೆಕೆಂಡ್ ಹ್ಯಾಂಡ್ ಖರೀದಿಯಲ್ಲಿ ಇದನ್ನು ನೋಡಲೇಬೇಕು. ಎಲ್ಲ ಸರಿಯಿದ್ದರೆ ರೆಸಲ್ಯೂಷನ್ 800×600ಕ್ಕೆ ಇಳಿಸಿ ನೋಡಿ. ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ವೇಗ ಏರಿದರೆ ತೊಡಕು ಜಿಪಿಯುವಿನದು ಅಥವಾ ಅದರ ರ್ಯಾಮಿನದು, ಏರದಿದ್ದರೆ ಸಿಪಿಯುವಿನದು.

ಗೇಮ್ ಬೂಸ್ಟರ್ ಎಂಬ ತಂತ್ರಾಂಶಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಹಿನ್ನೆಲೆಯ ಒಂದೆರಡು ಪ್ರೋಗ್ರಾಂ ಮುಚ್ಚುವುದನ್ನು ನೀವೇ ಮಾಡಬಹುದು. ಧೂಳು ತೆಗೆಯುವುದನ್ನು, ಎರಡನೆಯ ರ್ಯಾಮ್ ಕೂರಿಸುವುದನ್ನು ಯಾವ ತಂತ್ರಾಂಶವೂ ಮಾಡಲಾರದು.

ಒಂದು ಗಡಿಯನ್ನು ಮಾತ್ರ ದಾಟಲಾಗದು. ವಿಂಡೋಸ್‌ನಲ್ಲಿ ಎಚ್‌ಡಿ 4000ರ ಓಟ ಗೇಮಿಗೂ ಚಿಪ್ಪಿಗೂ ನಡುವಿನ ಕೊಂಡಿಯಾದ ಡೈರೆಕ್ಟ್‌ಎಕ್ಸ್ 11ಕ್ಕೆ ನಿಲ್ಲುತ್ತದೆ. 2015ರಲ್ಲಿ ಪಿಸಿಗೆ ಬಂದ ಜಿಟಿಎ 5ನ್ನು ಅದು ಕಡಿಮೆ ಸೆಟ್ಟಿಂಗಿನಲ್ಲಿ ಏಳಿಸಬಹುದು. 2025ರಲ್ಲಿ ಬಂದ ಅದೇ ಆಟದ ಎನ್‌ಹಾನ್ಸ್‌ಡ್ ಆವೃತ್ತಿ ಡೈರೆಕ್ಟ್‌ಎಕ್ಸ್ 12 ಕೇಳುತ್ತದೆ. ಅದನ್ನು ಡೌನ್‌ಲೋಡ್ ಮಾಡಿ ಡೇಟಾ ಕಳೆದುಕೊಳ್ಳಬೇಡಿ.